ಮೀಟರ್ ರೂಮಿನ ಪಟ್ಟೆ ಹಾವು: ಕಟ್ಟುಹಾವೋ, ತೋಳ ಹಾವೋ?

ಮೂರನೇ ಮಹಡಿ:
ಬೆಂಗಳೂರಿನ ತಲಘಟ್ಟಪುರದ ಹತ್ತಿರ ನಮ್ಮ ಅಪಾರ್ಟ್‌ಮೆಂಟಿನ ಮೀಟರ್ ರೂಮಲ್ಲಿ ನಿನ್ನೆ ರಾತ್ರಿ ಕಂಡ ಹಾವು ಇದು. ಒಂದೂವರೆ ಅಡಿ ಇರಬಹುದು. ಕಂದು ಮೈ, ಮೇಲೆ ಬಿಳಿ ಪಟ್ಟೆ. ಟ್ಯೂಬ್‌ಲೈಟ್ ಪಕ್ಕ ಗೋಡೆ ಮೇಲಿತ್ತು, ಬಾಯಲ್ಲಿ ಅರ್ಧ ನುಂಗಿದ ಹಲ್ಲಿ. ವಾಚ್‌ಮನ್ ಹೆದರಿ ದೊಣ್ಣೆ ತಗೊಂಡು ಹೊಡೆದುಬಿಟ್ಟರು. ಈಗ ಅರ್ಧ ಜನ ವಿಷದ ಕಟ್ಟುಹಾವು, ಹೊಡೆದಿದ್ದೇ ಸರಿ ಅಂತಿದ್ದಾರೆ. ಉಳಿದವರು ವಿಷ ಇಲ್ಲದ ಪಾಪದ ತೋಳ ಹಾವು ಅಂತಿದ್ದಾರೆ. ಫೋಟೊ ಹಾಕಿದ್ದೇನೆ, ಬಾಲ ಮಾತ್ರ ಬಂದಿಲ್ಲ. ಎರಡನ್ನೂ ಗುರುತು ಹಿಡಿಯೋದು ಹೇಗೆ ಅಂತ ಒಂದು ಪೋಸ್ಟರ್ ಮಾಡಿ ಗೇಟಿಗೆ ಅಂಟಿಸೋಣ ಅಂತಿದ್ದೇನೆ. ಏನಂತೀರಿ?

ತುರಹಳ್ಳಿ ಸೈಕಲ್:
ತೋಳ ಹಾವೇ, ಅನುಮಾನ ಬೇಡ. ಕತ್ತು ಜೂಮ್ ಮಾಡಿ ನೋಡಿ. ತಲೆ ಹಿಂದೆಯೇ ಅಗಲವಾದ ಬಿಳಿ ಪಟ್ಟೆ, ಅಂಗಿಯ ಕಾಲರ್ ಥರ. ಹಿಂದೆ ಹೋಗ್ತಾ ಹೋಗ್ತಾ ಪಟ್ಟೆ ಮಾಸಿದೆ. ಕಟ್ಟುಹಾವಿನಲ್ಲಿ ಇದು ಉಲ್ಟಾ. ಕತ್ತಿನ ಹತ್ತಿರ ಪಟ್ಟೆ ಕಾಣೋದೇ ಕಷ್ಟ, ಬಾಲದ ಕಡೆ ಎದ್ದು ಕಾಣುತ್ತವೆ, ಸಾಮಾನ್ಯವಾಗಿ ಎರಡೆರಡು ಜೋಡಿಯಾಗಿ. ಮೈ ಹೊಳೆಯುವ ಕಪ್ಪು, ಸ್ವಲ್ಪ ನೀಲಿ ಛಾಯೆ. ಮೂತಿಯೂ ನೋಡಿ, ಇದರದ್ದು ಚಪ್ಪಟೆಯಾಗಿ ಮುಂದೆ ಚಾಚಿದೆ. ಗೋಡೆ ಹತ್ತಿ ಹಲ್ಲಿ ಹಿಡಿಯೋದು ತೋಳ ಹಾವಿನ ದಿನದ ಕೆಲಸ.

ಕೋಲಾರದ ಕಡೆಯವ:
ಅಣ್ಣ, ಇಷ್ಟು ಧೈರ್ಯವಾಗಿ ಹೇಳಬೇಡಿ. ಮರಿ ಕಟ್ಟುಹಾವಿಗೆ ಕತ್ತಿನವರೆಗೂ ಪಟ್ಟೆ ಇರುತ್ತದೆ. ಒಂದೂವರೆ ಅಡಿ ಅಂದರೆ ಮರಿಯೂ ಆಗಬಹುದು, ಅಲ್ವಾ? ಇನ್ನು ತೋಳ ಹಾವಿನಲ್ಲಿ ಪಟ್ಟೆನೇ ಇಲ್ಲದವೂ ಇವೆ. ಹಲ್ಲಿ ತಿಂದ ಮಾತ್ರಕ್ಕೆ ತೀರ್ಮಾನ ಆಗಲ್ಲ. ಕಟ್ಟುಹಾವು ಇಲಿ, ಕಪ್ಪೆ, ಬೇರೆ ಹಾವು ಎಲ್ಲ ತಿನ್ನುತ್ತದೆ, ಹಲ್ಲಿ ಸಿಕ್ಕರೆ ಬಿಡುತ್ತದಾ? ನಮ್ಮೂರಲ್ಲಿ ಪಟ್ಟೆ ಕಂಡರೆ ಮುಗೀತು, ಹೊಡೆಯೋದೇ. ದೇಶದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನೋ ಅಂದಾಜು ಇದೆ. ಜೀವಕ್ಕಿಂತ ಹಾವು ದೊಡ್ಡದಾ?

ತುರಹಳ್ಳಿ ಸೈಕಲ್:
ಮರಿ ವಿಷಯ ಒಪ್ಪುತ್ತೇನೆ. ಅದಕ್ಕೇ ಪಟ್ಟೆ ಬಿಟ್ಟು ಬೆನ್ನು ನೋಡಬೇಕು. ಕಟ್ಟುಹಾವಿನ ಬೆನ್ನಿನ ನಟ್ಟನಡುವೆ ಒಂದು ಸಾಲು ಹುರುಪೆ ಅಕ್ಕಪಕ್ಕದವಕ್ಕಿಂತ ದೊಡ್ಡದು, ಆರು ಮೂಲೆಯದು, ಕತ್ತಿನಿಂದ ಬಾಲದವರೆಗೆ. ಮರಿಯಲ್ಲೂ ಇರುತ್ತದೆ. ಎರಡನೇ ಫೋಟೊದಲ್ಲಿ ಬೆನ್ನು ಸ್ಪಷ್ಟವಾಗಿದೆ, ಎಲ್ಲ ಹುರುಪೆಯೂ ಒಂದೇ ಅಳತೆ. ಬಾಲದ ಅಡಿಭಾಗ ಸಿಕ್ಕಿದ್ದರೆ ಇನ್ನೂ ಸುಲಭ: ತೋಳ ಹಾವಿಗೆ ಅಲ್ಲಿನ ಹುರುಪೆ ಎರಡಾಗಿ ಸೀಳಿರುತ್ತವೆ, ಕಟ್ಟುಹಾವಿಗೆ ಇಡಿಯಾಗಿರುತ್ತವೆ. ಆ 58,000ದಲ್ಲಿ ಬಹುಪಾಲು ಹಳ್ಳಿ ಜನ. ಮೀಟರ್ ರೂಮಲ್ಲಿ ಹಲ್ಲಿ ತಿನ್ನುತ್ತಿದ್ದ ಹಾವಿನ ಲೆಕ್ಕಕ್ಕೆ ಅದನ್ನು ಬರೆಯಬೇಡಿ.

ಗೇಟ್ ನಂಬರ್ 2:
ರಾತ್ರಿ ಹನ್ನೊಂದು ಗಂಟೆಗೆ, ಮೊಬೈಲ್ ಟಾರ್ಚ್ ಹಿಡಿದು, ಬೆನ್ನಿನ ಮೇಲೆ ಆರು ಮೂಲೆ ಇದೆಯಾ ಅಂತ ಯಾರು ನೋಡ್ತಾರೆ ಗುರು? 😂

ರಾತ್ರಿ ಪಾಳಿ ನರ್ಸ್:
ಗೇಟ್ ನಂಬರ್ 2 ಹೇಳಿದ್ದು ತಮಾಷೆಯಲ್ಲ. ಮೇಡಂ, ದಯವಿಟ್ಟು ಆ ಪೋಸ್ಟರ್ ಹಾಕಬೇಡಿ. ಓದಿದವರು ಪರೀಕ್ಷೆ ಮಾಡೋಕೆ ಹತ್ತಿರ ಹೋಗುತ್ತಾರೆ. ಕಚ್ಚಿಸಿಕೊಂಡವರು "ತೋಳ ಹಾವಂತೆ, ಬೆಳಿಗ್ಗೆ ನೋಡೋಣ" ಅಂತ ಮಲಗುತ್ತಾರೆ. ಕಟ್ಟುಹಾವಿನ ವಿಷಯದಲ್ಲಿ ಇದೇ ಕುತ್ತು. ಅದು ಕಚ್ಚಿದರೆ ಊತ ಇರಲ್ಲ, ನೋವು ಅಷ್ಟಕ್ಕಷ್ಟೆ, ಗುರುತೂ ಎಷ್ಟೋ ಸಲ ಕಾಣಲ್ಲ. ಕೆಲವು ಗಂಟೆ ಬಿಟ್ಟು ಹೊಟ್ಟೆ ನೋವು, ಆಮೇಲೆ ರೆಪ್ಪೆ ಎತ್ತೋಕೆ ಆಗಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ಕೈಕೊಡುತ್ತವೆ. ತೋಳ ಹಾವಿಗೆ ವಿಷ ಇಲ್ಲದಿದ್ದರೂ ಮುಂದಿನ ಹಲ್ಲು ಉದ್ದ, ಕಚ್ಚಿದರೆ ಚುಚ್ಚಿದ ಗುರುತು ಚೆನ್ನಾಗಿ ಕಾಣಬಹುದು, ರಕ್ತವೂ ಬರಬಹುದು. ಅಂದರೆ ಗಾಯ ನೋಡಿ ಲೆಕ್ಕ ಹಾಕಿದರೆ ಎಡವಟ್ಟಾಗುತ್ತದೆ.

ಕೋಲಾರದ ಕಡೆಯವ:
ಹಾಗಾದ್ರೆ ಹಾವನ್ನು ಹೊಡೆದು ಆಸ್ಪತ್ರೆಗೆ ತಗೊಂಡು ಹೋದರೆ ಡಾಕ್ಟರಿಗೆ ಅನುಕೂಲ ಅಲ್ವಾ ಮೇಡಂ? ಯಾವ ಇಂಜೆಕ್ಷನ್ ಅಂತ ಗೊತ್ತಾಗಬೇಕಲ್ಲ.

ರಾತ್ರಿ ಪಾಳಿ ನರ್ಸ್:
ಬೇಡ. ನಮ್ಮಲ್ಲಿ ಕೊಡೋದು ಒಂದೇ ಔಷಧ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿಸಿಯೇ ಕುದುರೆ ರಕ್ತದಿಂದ ತಯಾರಾಗುತ್ತದೆ. ವಿಷ ಏರಿದ ಲಕ್ಷಣ ಕಂಡರೆ ಮೊದಲು 8ರಿಂದ 10 ವಯಲ್ ಶುರು ಮಾಡುತ್ತಾರೆ, ಮಕ್ಕಳಿಗೂ ಅಷ್ಟೇ. ಲಕ್ಷಣ ಇಲ್ಲದಿದ್ದರೆ ಒಂದು ದಿನ ವಾರ್ಡಲ್ಲಿಟ್ಟು ನೋಡುತ್ತಾರೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಒಮ್ಮೆ ಸ್ನಾಯು ಸೋತ ಮೇಲೆ ಔಷಧ ಕೊಟ್ಟರೂ ಬೇಗ ವಾಪಸ್ ಬರಲ್ಲ, ವೆಂಟಿಲೇಟರ್ ಮೇಲೆ ದಿನಗಟ್ಟಲೆ ಕಾಯಬೇಕು. ಆದ್ದರಿಂದ ಹಾವು ಹುಡುಕಿ ಹೊಡೆಯೋಕೆ ಹೋದ ಪ್ರತಿ ನಿಮಿಷವೂ ನಷ್ಟ. ದೂರದಿಂದ ಫೋಟೊ ಸಿಕ್ಕರೆ ಸರಿ, ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ ಹೊರಡಿ. ಕಟ್ಟಬೇಡಿ, ಕೊಯ್ಯಬೇಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದ್ದಾರೆ, ಖಾಸಗಿಯವರೂ ಸೇರಿ.

ಬಯಾಲಜಿ ಮೇಷ್ಟ್ರು:
ತಡವಾಗಿ ಬಂದೆ. ವಿಷ ಇಲ್ಲದ ಪ್ರಾಣಿ ವಿಷ ಇರುವುದರ ವೇಷ ಹಾಕುವುದನ್ನು ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಹೆನ್ರಿ ಬೇಟ್ಸ್ 1862ರಲ್ಲಿ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ ವಿವರಿಸಿದ. ತೋಳ ಹಾವನ್ನೂ ಈ ಗುಂಪಿಗೆ ಸೇರಿಸುವವರಿದ್ದಾರೆ. ಹದ್ದು, ಮುಂಗುಸಿ ಹಿಂದೆ ಸರಿಯಲಿ ಅಂತ ಹಾಕಿದ ವೇಷ ದೊಣ್ಣೆ ಮುಂದೆ ಉಲ್ಟಾ ಹೊಡೆಯುತ್ತದೆ, ನೋಡಿ. ಹಾಗಂತ ನರ್ಸ್ ಮೇಡಂ ಹೇಳಿದಂತೆ ಏನೂ ಕಲಿಸಬಾರದು ಅನ್ನೋದನ್ನ ನಾನು ಒಪ್ಪಲ್ಲ. ಗೊತ್ತಿಲ್ಲದ ಕಡೆ ಕೇರೆ ಹಾವನ್ನೂ ನಾಗರ ಅಂತ ಹೊಡೀತಾರೆ, ಮಣ್ಣುಮುಕ್ಕನನ್ನು ಕೊಳಕುಮಂಡಲ ಅಂತ ಹೊಡೀತಾರೆ.

ರಾತ್ರಿ ಪಾಳಿ ನರ್ಸ್:
ಕಲಿಸಿ ಸರ್, ಶಾಲೆಯಲ್ಲಿ, ಫೋಟೊ ಇಟ್ಟುಕೊಂಡು. ಗೇಟಲ್ಲಿ ಬೇಡ ಅಂದೆ ಅಷ್ಟೇ. ಗೇಟಲ್ಲಿ ಇಷ್ಟು ಬರೆಯಿರಿ: ದೂರ ನಿಲ್ಲಿ, ಕಣ್ಣಿಟ್ಟಿರಿ, ಹಾವು ಹಿಡಿಯುವವರಿಗೆ ಫೋನ್ ಮಾಡಿ. ಅದಕ್ಕೆ ಯಾವ ಹಾವು ಅಂತ ಗೊತ್ತಿರಬೇಕಾಗಿಲ್ಲ.

ಗೇಟ್ ನಂಬರ್ 2:
ಹಿಡಿಯುವವರು ನೈಸ್ ರೋಡ್ ದಾಟಿ ಬರುವಷ್ಟರಲ್ಲಿ ಹಾವು ತುರಹಳ್ಳಿ ಕಾಡು ತಲುಪಿರುತ್ತೆ.

ತುರಹಳ್ಳಿ ಸೈಕಲ್:
ತಲುಪಲಿ ಬಿಡಿ, ಅಷ್ಟೇ ಬೇಕಾಗಿರೋದು. ಒಂದು ಪ್ರಶ್ನೆ ಮೂರನೇ ಮಹಡಿಯವರಿಗೆ. ಮೊದಲ ಫೋಟೊದ ಮೂಲೆಯಲ್ಲಿ ಚಾಪೆ, ದಿಂಬು ಕಾಣುತ್ತಿದೆ. ವಾಚ್‌ಮನ್ ಅಲ್ಲೇ ನೆಲದ ಮೇಲೆ ಮಲಗುತ್ತಾರಾ?

ಮೂರನೇ ಮಹಡಿ:
ಹೌದು. ರೂಮ್ ಕೊಟ್ಟಿಲ್ಲ, ಕಮಿಟಿಯವರು ಮುಂದಿನ ವರ್ಷ ಅಂತಿದ್ದಾರೆ.

ತುರಹಳ್ಳಿ ಸೈಕಲ್:
ಹಾಗಾದ್ರೆ ಪೋಸ್ಟರ್ ಚರ್ಚೆ ಆಮೇಲೆ. ಕಟ್ಟುಹಾವು ಜಾಸ್ತಿ ಕಚ್ಚೋದು ರಾತ್ರಿ ನೆಲದ ಮೇಲೆ ಮಲಗಿದವರನ್ನೇ. ಹಗಲು ಅದು ಮಂದ, ರಾತ್ರಿ ಓಡಾಡುತ್ತದೆ. ಒಂದು ಮಂಚ, ಹಾಸಿಗೆ ಕೆಳಗೆ ಸಿಕ್ಕಿಸಿದ ಸೊಳ್ಳೆ ಪರದೆ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕೇಬಲ್ ಬರುವ ತೂತಿಗೆ ಸಿಮೆಂಟ್. ರೂಮಿನ ಹಿಂದೆ ಇಟ್ಟಿಗೆ, ಟೈಲ್ಸ್ ರಾಶಿ ಇದ್ದರೆ ಅದನ್ನೂ ತೆಗೆಸಿ. ನಿನ್ನೆ ಬಂದದ್ದು ತೋಳ ಹಾವು, ಆದರೆ ಅದು ಬಂದ ಸಂದಿಯಲ್ಲೇ ಇನ್ನೊಂದೂ ಬರಬಹುದು.

ಕೋಲಾರದ ಕಡೆಯವ:
ಇದಕ್ಕೆ ನನ್ನ ಪೂರ್ತಿ ಓಟು. ಹಾವಿನ ಜಾತಿ ಬಗ್ಗೆ ಇನ್ನೂ ತಕರಾರಿದೆ, ಬಾಲ ನೋಡದೆ ಒಪ್ಪಲ್ಲ.

ಮೂರನೇ ಮಹಡಿ:
ಬಾಲ ಬೆಳಿಗ್ಗೆಯೇ ಕಸದ ಗಾಡಿಯಲ್ಲಿ ಹೋಯಿತು. ಮಂಚಕ್ಕೆ ಐದು ಮನೆಯವರು ದುಡ್ಡು ಕೊಡುತ್ತೇವೆ ಅಂದಿದ್ದಾರೆ. ಬನಶಂಕರಿ ಕಡೆ ಮಡಚುವ ಕಬ್ಬಿಣದ ಮಂಚ ಎಲ್ಲಿ ಸಿಗುತ್ತೆ, ಯಾರಿಗಾದ್ರೂ ಗೊತ್ತಾ?