ಚಳಿಗೆ ಬಂದ ಹಕ್ಕಿ ‘ಒಕ್ಕಲಾಯಿತು’ ಅನ್ನಬಹುದೇ?

ಗೆಳೆಯರೇ, ನಮ್ಮ ಬಡಾವಣೆಯ ಮಕ್ಕಳ ಗೋಡೆಪತ್ರಿಕೆಗೆ ಒಂದು ಹಕ್ಕಿಯ ಬಗ್ಗೆ ಬರೆಯುತ್ತಿದ್ದೇನೆ. ಎಲ್ಲ ಸರಿಹೋಗಿದೆ, ಒಂದು ಕ್ರಿಯಾಪದ ಮಾತ್ರ ಕೂರುತ್ತಿಲ್ಲ.

ಹಕ್ಕಿಯ ಹೆಸರು ಜಂಕೊ. ಉತ್ತರ ಅಮೆರಿಕದ್ದು, ಹೆಚ್ಚುಕಮ್ಮಿ ಗುಬ್ಬಚ್ಚಿ ಗಾತ್ರ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸೀಮೆಯಲ್ಲಿ ಇದು ಮರಿ ಮಾಡುತ್ತಿದ್ದದ್ದು ಬೆಟ್ಟದ ಕಾಡಿನಲ್ಲಿ. ಕಡಲ ದಡದಲ್ಲಿ ಕಾಣುತ್ತಿದ್ದದ್ದು ಚಳಿಗಾಲದಲ್ಲಿ ಮಾತ್ರ. 1980ರ ದಶಕದ ಮೊದಲ ವರ್ಷಗಳಲ್ಲಿ ಕೆಲವು ವಾಪಸ್ ಹೋಗಲೇ ಇಲ್ಲ. ಕಡಲ ಪಕ್ಕದ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲೇ ಗೂಡು ಕಟ್ಟಿದವು. ಸಾಮಾನ್ಯವಾಗಿ ನೆಲದ ಮೇಲೆ ಗೂಡು ಮಾಡುವ ಹಕ್ಕಿ, ಊರಿನಲ್ಲಿ ಹೂಕುಂಡ, ಕಟ್ಟಡದ ಸಂದಿಯನ್ನೂ ಬಿಡುವುದಿಲ್ಲ.

ಬೆಟ್ಟದಲ್ಲಿ ಬೇಸಿಗೆ ಚಿಕ್ಕದು. ಕಡಲ ದಡದಲ್ಲಿ ಹಾಗಲ್ಲ, ಫೆಬ್ರವರಿಗೇ ಶುರು ಮಾಡಿ ಆಗಸ್ಟ್‌ವರೆಗೂ ಮರಿ ಮಾಡಬಹುದು. ಇನ್ನೊಂದು ಸ್ವಾರಸ್ಯ ಬಾಲದ್ದು. ಜಂಕೊ ಬಾಲದ ಅಂಚಿನ ಗರಿಗಳು ಬಿಳಿ. ಗಂಡು ಬಾಲ ಬಿಚ್ಚಿ ಆ ಬಿಳುಪು ತೋರಿಸಿ ಹೆಣ್ಣನ್ನು ಒಲಿಸುತ್ತದೆ, ಎದುರಾಳಿಯನ್ನು ಗದರಿಸುತ್ತದೆ. ಕ್ಯಾಂಪಸ್ ಹಕ್ಕಿಗಳಲ್ಲಿ ಆ ಬಿಳುಪು ಬೆಟ್ಟದವಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಅಂತ ಪಮೇಲಾ ಯೇ ಅನ್ನುವ ಜೀವವಿಜ್ಞಾನಿ 2004ರಲ್ಲಿ ಪ್ರಕಟಿಸಿದರು. ಬಂದು ಇಪ್ಪತ್ತು ವರ್ಷದೊಳಗೇ ಇಷ್ಟು! ಅಂದರೆ ಇವು ಸುಮ್ನೆ ಉಳಿದುಕೊಂಡ ನೆಂಟರಲ್ಲ. ಅದಕ್ಕೇ ಸರಿಯಾದ ಪದ ಬೇಕು ಅಂತ ನನ್ನ ಹಟ.

‘ವಲಸೆ ಬಂದವು’ ಅಂತ ಬರೆದರೆ ಕೆಲಸ ಕೆಡುತ್ತದೆ. ಹಕ್ಕಿ ವಿಷಯದಲ್ಲಿ ವಲಸೆ ಅಂದರೆ ಹೋಗಿ ಬರುವುದು. ಇಲ್ಲಿ ನಡೆದದ್ದು ವಲಸೆ ನಿಂತದ್ದು. ‘ಗುಳೆ’ಯಲ್ಲೂ ವಾಪಸ್ ಬರುವ ಅರ್ಥ ಇದೆ, ಜೊತೆಗೆ ಬರಗಾಲದ ಸಂಕಟವೂ ಇದೆ. ‘ಬೀಡು ಬಿಟ್ಟಿವೆ’ ಪತ್ರಿಕೆಗಳಲ್ಲಿ ಕಾಡಾನೆಗೆ ಮೀಸಲು. ಇವತ್ತು ಈ ತೋಟ, ನಾಳೆ ಆ ಗದ್ದೆ. ‘ಠಿಕಾಣಿ ಹೂಡಿವೆ’ ಅಂದರೆ ಬೈದ ಹಾಗಾಗುತ್ತದೆ. ‘ನೆಲೆಸಿವೆ’ ತಪ್ಪಲ್ಲ, ಆದರೆ ನನ್ನ ಕಿವಿಗೆ ಬೆಟ್ಟದ ಮೇಲೆ ದೇವರು ನೆಲೆಸಿದಂತೆ ಕೇಳುತ್ತದೆ. ಈ ಹಕ್ಕಿ ಬೆಟ್ಟ ಬಿಟ್ಟು ಬಂದದ್ದು, ಅಲ್ವಾ?

ಕೊನೆಗೆ ಮನಸ್ಸು ನಿಂತದ್ದು ‘ಒಕ್ಕಲಾದವು’ ಅನ್ನುವುದರ ಮೇಲೆ. ಒಕ್ಕಲು ಅಂದರೆ ಬಂದು ಬೇರು ಬಿಟ್ಟ ಸಂಸಾರ. ಹೊಸ ಮನೆಯ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುವವರು ಈಗಲೂ ಇದ್ದಾರೆ. ಗೂಡು, ಮೊಟ್ಟೆ, ಮರಿ ಎಲ್ಲ ಆ ಒಂದು ಪದದೊಳಗೆ ಬಂದುಬಿಡುತ್ತವೆ. ಆದರೆ ತಮಾಷೆ ನೋಡಿ. ‘ಒಕ್ಕಲೆಬ್ಬಿಸು’ ದಿನಾ ಪೇಪರ್‌ನಲ್ಲಿ ಬರುತ್ತದೆ, ‘ಒಕ್ಕಲಾಗು’ ಕಾಣುವುದೇ ಅಪರೂಪ. ಬೆಂಗಳೂರಿನ ಮಕ್ಕಳಿಗೆ ಎಬ್ಬಿಸುವುದು ಗೊತ್ತು, ಆಗುವುದು ಗೊತ್ತಿಲ್ಲ.

ಅವರಿಗೆ ಅರ್ಥವಾಗಲಿ ಅಂತ ಕುಂಡೆಕುಸ್ಕ ಅನ್ನುವ ಹಕ್ಕಿಯ ಉದಾಹರಣೆ ಸೇರಿಸಿದ್ದೇನೆ. (ಹೆಸರು ಕೇಳಿ ನಗುತ್ತಾರೆ, ನಗಲಿ.) ನಮ್ಮ ಕೆರೆ ಅಂಚಿನಲ್ಲಿ ಚಳಿಗಾಲದಲ್ಲಿ ಬಾಲ ಕುಣಿಸುವ ಬೂದು ಕುಂಡೆಕುಸ್ಕ ಬೇಸಿಗೆಗೆ ಹಿಮಾಲಯದ ಕಡೆ ಹೋಗಿ ಮರಿ ಮಾಡುತ್ತದೆ. ಬಿಳಿ ಹುಬ್ಬಿನದು ವರ್ಷವಿಡೀ ಇಲ್ಲೇ ಇರುತ್ತದೆ. ಬೂದುಬಣ್ಣದ್ದು ಒಂದು ವರ್ಷ ಹಿಮಾಲಯ ಮರೆತು ಮಡಿವಾಳ ಕೆರೆ ಪಕ್ಕ ಗೂಡು ಕಟ್ಟಿದರೆ ಹೇಗೋ, ಜಂಕೊ ಮಾಡಿದ್ದು ಹಾಗೆ.

ಇನ್ನೊಂದು ಚಿಕ್ಕ ವಿಷಯ. ಇವು ಸೇರಿಕೊಂಡ ಜಾಗಕ್ಕೆ ‘ಉಪನಗರ’ ಅಂತ ಹಾಕಿದ್ದೆ. ಓದಿದ ಹುಡುಗಿ ‘ಕೆಂಗೇರಿನಾ, ಯಲಹಂಕನಾ’ ಅಂದಳು. ಈ ಊರಿನಲ್ಲಿ ಉಪನಗರ ಅಂದರೆ ಅವೇ. ‘ಬಡಾವಣೆ’ ಅಂತ ತಿದ್ದಿದ್ದೇನೆ, ಅದರ ಬಗ್ಗೆ ಅನುಮಾನವಿಲ್ಲ.

ಕೇಳಬೇಕಾದದ್ದು ಇಷ್ಟು. ನಿಮ್ಮ ಕಡೆ ‘ಒಕ್ಕಲಾಗು’ ಮಾತಿನಲ್ಲಿ ಇನ್ನೂ ಇದೆಯೇ? ಇದ್ದರೆ ಮನುಷ್ಯರಿಗೆ ಮಾತ್ರವೇ, ಹಕ್ಕಿ, ಜೇನು, ದನಕರುವಿಗೂ ಹೇಳುತ್ತಾರೆಯೇ? ಮಲೆನಾಡು, ಕರಾವಳಿಯವರು ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ, ಅಜ್ಜಿ ಆಡಿದ ಮಾತಾದರೆ ಇನ್ನೂ ಒಳ್ಳೆಯದು.