ಬ್ರೇಕ್ ‘ಹಿಡಿದಿದೆ’ ಅಂದ್ರೆ ನೀವು ಏನಂತ ಅರ್ಥ ಮಾಡ್ಕೋತೀರಿ?

ಎಲ್ರಿಗೂ ನಮಸ್ಕಾರ. ಒಂದು ಹಳೇ ಸಿಂಗಲ್ ಸಿಲಿಂಡರ್ ಬೈಕನ್ನ ಮತ್ತೆ ರಸ್ತೆಗಿಳಿಸೋ ಕೆಲಸದಲ್ಲಿದೀನಿ, ಈಗ ಚಕ್ರ ಮತ್ತು ಬ್ರೇಕಿನ ಸರದಿ. ಕೆಲಸ ಮಾಡ್ತಾ ಮಾಡ್ತಾ ಕನ್ನಡದಲ್ಲೇ ಟಿಪ್ಪಣಿ ಬರೀತಾ ಬಂದಿದೀನಿ, ಇಂಥದೇ ಗಾಡಿ ಇಟ್ಕೊಂಡಿರೋ ಒಂದಿಬ್ಬರು ಸ್ನೇಹಿತರಿಗೂ ಉಪಯೋಗಕ್ಕೆ ಬರಲಿ ಅಂತ. ಹಬ್ (ಚಕ್ರದ ನಡುಭಾಗ), ರಿಮ್, ಸ್ಪೋಕ್, ಡ್ರಮ್ (ಹಬ್ಬಲ್ಲಿ ಚಕ್ರದ ಜೊತೆ ತಿರುಗೋ ಬ್ರೇಕ್ ಡಬ್ಬಿ) ಇವಕ್ಕೆಲ್ಲ ಕನ್ನಡ ಪದ ಎಲ್ಲಿಂದ ತರೋದು ಅಂತ ಶುರುವಲ್ಲಿ ಚಿಂತೆ ಆಗಿತ್ತು, ಆದ್ರೆ ಅವು ಏನೂ ತೊಂದರೆ ಕೊಡ್ಲಿಲ್ಲ, ಹಾಗ್ಹಾಗೇ ಬರೆದೆ, ಓದಿದವರಿಗೆ ಅರ್ಥ ಆಯ್ತು. ನನ್ನನ್ನ ಸಿಕ್ಕಿಸಿದ್ದು ನಾವು ದಿನಾ ಆಡೋ ಕ್ರಿಯಾಪದಗಳು.

ಆಗಿದ್ದು ಹೀಗೆ. ಟಿಪ್ಪಣಿಯಲ್ಲಿ ಒಂದು ಕಡೆ “ಬ್ರೇಕ್ ಹಿಡಿದಿದ್ರೆ ಅಡ್ಜಸ್ಟರ್ ಎರಡು ಸುತ್ತು ಸಡಿಲ ಮಾಡಿ” ಅಂತ ಬರೆದಿದ್ದೆ (ಅಡ್ಜಸ್ಟರ್ ಅಂದ್ರೆ ಬ್ರೇಕ್ ಬಿಗಿ, ಸಡಿಲ ಮಾಡೋ ತಿರುಪು). ನನ್ನ ಮನಸ್ಸಲ್ಲಿದ್ದಿದ್ದು, ಲಿವರ್ ಬಿಟ್ಟ ಮೇಲೂ ಶೂ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸೋ ಕಮಾನಿನ ಥರದ ತುಂಡು) ಡ್ರಮ್ಮಿಗೆ ಅಂಟ್ಕೊಂಡಿದ್ದು ಚಕ್ರ ಸರಾಗ ತಿರುಗದೇ ಇದ್ರೆ ಅಂತ. ಸ್ನೇಹಿತ ಓದ್ಕೊಂಡಿದ್ದು ಬೇರೆ, ಬ್ರೇಕ್ ಚೆನ್ನಾಗಿ ಹಿಡೀತಿದ್ರೆ, ಅಂದ್ರೆ ಕೆಲಸ ಮಾಡ್ತಿದ್ರೆ, ಸ್ವಲ್ಪ ಸಡಿಲ ಬಿಡಬೇಕೇನೋ ಅಂತ. ಸರಿಯಾಗೇ ಇದ್ದ ಬ್ರೇಕನ್ನ ಎರಡು ಸುತ್ತು ಸಡಿಲ ಮಾಡಿ, ಆಮೇಲೆ ಗಾಡಿ ತಳ್ಕೊಂಡು ಹೋಗಿ ಲಿವರ್ ಒತ್ತಿದ್ರೆ ಅದು ನೇರ ಹ್ಯಾಂಡಲ್ಲಿಗೇ ಬಂದು ತಾಗಿದೆ, ಗಾಡಿ ನಿಂತಿಲ್ಲ. ತಳ್ಳುವಾಗ ಗೊತ್ತಾಗಿದ್ದಕ್ಕೆ ಸರಿಹೋಯ್ತು. ಓಡಿಸ್ವಾಗ ಆಗಿದ್ರೆ ಅಂತ ನೆನಸ್ಕೊಂಡ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಅವನ ತಪ್ಪೇನಿಲ್ಲ, ನನ್ನ ವಾಕ್ಯಕ್ಕೆ ಆ ಅರ್ಥ ಖಂಡಿತ ಇದೆ.

ಕೂತು ಯೋಚನೆ ಮಾಡಿದ್ರೆ ಈ ‘ಹಿಡಿ’ ಒಂದರಲ್ಲೇ ಮೂರು ಸಂಗತಿ ತುಂಬ್ಕೊಂಡಿವೆ. “ನಾನು ಬ್ರೇಕ್ ಹಿಡಿದೆ” ಅಂದಾಗ ಹಿಡಿದವನು ನಾನು. “ಬ್ರೇಕ್ ಹಿಡೀತಿಲ್ಲ” ಅಂದಾಗ ಹಿಡೀಬೇಕಾದ್ದು ಬ್ರೇಕು, ಅದು ತನ್ನ ಕೆಲಸ ಮಾಡ್ತಿಲ್ಲ ಅನ್ನೋ ದೂರು. “ಬ್ರೇಕ್ ಹಿಡ್ಕೊಂಡಿದೆ” ಅಂದಾಗ ಹಿಡೀಬಾರದಾಗ ಹಿಡಿದು ಬಿಡ್ತಾ ಇಲ್ಲ ಅಂತ. ಅಂದ್ರೆ ‘ಕೊಳ್ಳು’ ಸೇರಿದ್ರೆ ರೋಗ, ಸೇರದಿದ್ರೆ ಆರೋಗ್ಯ ಅಂತ ಒಂದು ನಿಯಮ ಸಿಕ್ತು ಅಂದ್ಕೊಂಡೆ. ಅದೂ ನಿಲ್ಲಲ್ಲ. ಯಾಕಂದ್ರೆ ಡ್ರಮ್ ಬ್ರೇಕ್ ಜೋಡಿಸೋವಾಗ ಕೊನೆಯಲ್ಲಿ ಒಂದು ಮುಖ್ಯವಾದ ಕೆಲಸ ಇದೆ: ಆಕ್ಸಲ್ ನಟ್ ಸ್ವಲ್ಪ ಸಡಿಲ ಇಟ್ಟು, ಲಿವರನ್ನ ಗಟ್ಟಿಯಾಗಿ ಒತ್ತಿ ಹಿಡಿದು, ಶೂಗಳೆರಡೂ ಡ್ರಮ್ಮಿನ ಮಧ್ಯಕ್ಕೆ ತಾವೇ ಸರಿದು ಕೂತ ಮೇಲೆ, ಲಿವರ್ ಬಿಡದೆ ನಟ್ ಬಿಗಿ ಮಾಡೋದು. ಇದನ್ನ ಬರೆಯೋದು ಹೇಗೆ? “ಬ್ರೇಕ್ ಹಿಡ್ಕೊಂಡೇ ನಟ್ ಬಿಗಿ ಮಾಡಿ”. ಇಲ್ಲಿ ಹಿಡ್ಕೊಂಡಿರೋದು ಮನುಷ್ಯ, ರೋಗ ಏನೂ ಇಲ್ಲ. ಮಾತಲ್ಲಾದ್ರೆ ಕೈ ತೋರಿಸ್ತೀವಿ, ಎದುರಿಗಿರೋರ ಮುಖ ನೋಡ್ತೀವಿ, ಗೊಂದಲ ಆಗಲ್ಲ. ಬರಹದಲ್ಲಿ ಆ ಕೈ ಇಲ್ಲ.

ಹಾಗಾಗಿ ನಾನೀಗ ಬಳಸ್ತಿರೋದು ಇಷ್ಟು. ಸವಾರ ಮಾಡೋ ಕೆಲಸಕ್ಕೆ ಯಾವಾಗ್ಲೂ ‘ಒತ್ತು’, ಅದೂ “ಲಿವರ್ ಒತ್ತಿ”, “ಪೆಡಲ್ ಒತ್ತಿ” ಅಂತ ಭಾಗದ ಹೆಸರು ಹೇಳಿ. ಬ್ರೇಕು ತನ್ನ ಕೆಲಸ ಮಾಡೋದಕ್ಕೆ ‘ಹಿಡಿ’. ಬಿಡದೇ ಇರೋದಕ್ಕೆ ‘ಕಚ್ಕೊಂಡಿದೆ’. ಇಷ್ಟಾದ ಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು, ಇದು ನನಗೆ ತುಂಬಾ ಖುಷಿ ಕೊಟ್ಟಿದ್ದು. ಶೂ ಮತ್ತು ಡ್ರಮ್ಮಿನ ನಡುವೆ ಆಗೋ ಸಂಪರ್ಕಕ್ಕೆ ಕನ್ನಡದಲ್ಲಿ ಒಂದು ಏಣಿನೇ ಇದೆ: ತಾಗು, ಸವರು, ಉಜ್ಜು, ಹಿಡಿ, ಕಚ್ಚು, ಕಚ್ಕೋ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಸುತ್ತಿಗೊಂದು ಸಲ ಸಣ್ಣಗೆ ‘ಸರ್’ ಅಂದ್ರೆ ಅದು ಸವರೋದು. ಹೊಸ ಲೈನಿಂಗ್ (ಶೂ ಮೇಲಿನ ಉಜ್ಜೋ ಪಟ್ಟಿ) ಹಾಕಿದಾಗ ಅಷ್ಟು ಇದ್ರೆ ಭಯ ಇಲ್ಲ, ಓಡ್ತಾ ಓಡ್ತಾ ಹೋಗುತ್ತೆ. ಸುತ್ತಿಡೀ ಸದ್ದು ಬಂದು ಚಕ್ರ ಬೇಗ ನಿಂತುಬಿಟ್ರೆ ಅದು ಉಜ್ಜೋದು, ಅಡ್ಜಸ್ಟರ್ ಸಡಿಲಿಸಬೇಕು. ಈ ವ್ಯತ್ಯಾಸನ ಒಂದೊಂದೇ ಪದದಲ್ಲಿ ಹೇಳೋಕೆ ಬರುತ್ತಲ್ಲ, ಅದನ್ನ ಬಿಟ್ಟು “ಘರ್ಷಣೆ ಉಂಟಾಗುತ್ತದೆ” ಅಂತ ಯಾಕೆ ಬರೀಬೇಕು ಹೇಳಿ. ನಿಮ್ಮ ಕಡೆ ‘ಸವರು’ ಅನ್ನೋದು ಬರೀ ಕೈಯಿಂದ ಮಾಡೋ ಕೆಲಸಕ್ಕೇ ಮೀಸಲಾ, ಇಲ್ಲ ಹೀಗೆ ವಸ್ತು ವಸ್ತುವನ್ನ ಸವರೋದೂ ಉಂಟಾ? ಇದು ನನ್ನ ಮೊದಲ ಪ್ರಶ್ನೆ ಅಂದ್ಕೊಳ್ಳಿ.

ಎರಡನೇದು ಇನ್ನೂ ದೊಡ್ಡದು. ನನ್ನ ಗಾಡಿಗೆ ಮುಂದಿನ ಹಬ್ ಇರ್ಲಿಲ್ಲ, ಬೇರೊಂದು ಮಾಡೆಲ್ಲಿನ ಹಬ್ ಸಿಕ್ತು, ಅದನ್ನೇ ಈ ಫೋರ್ಕಿಗೆ ಬರೋ ಹಾಗೆ ಮಾಡ್ಬೇಕು. ಈ “ಬರೋ ಹಾಗೆ ಮಾಡೋದು” ಅನ್ನೋದಕ್ಕೆ ಪದ ಏನು? ಪುಸ್ತಕದ ಕನ್ನಡದಲ್ಲಿ ಕೇಳಿದ್ರೆ ಎಲ್ಲರೂ ‘ಅಳವಡಿಸು’ ಅಂತಾರೆ. ಆದ್ರೆ ಇವತ್ತು ಅಳವಡಿಸು ಅಂದ್ರೆ ತಂದು ಹಾಕೋದು ಅಷ್ಟೇ ಅನ್ನೋ ಹಾಗಾಗಿದೆ, ಕ್ಯಾಮೆರಾ ಅಳವಡಿಸಿದ್ರು, ಫ್ಯಾನ್ ಅಳವಡಿಸಿದ್ರು. ಒಂದಕ್ಕೆ ಅಂತ ಮಾಡಿದ್ದನ್ನ ಇನ್ನೊಂದಕ್ಕೆ ಸಲ್ಲೋ ಹಾಗೆ ತಿದ್ದೋದು ಅನ್ನೋ ಅರ್ಥ ಅದರಲ್ಲಿ ಉಳಿದಿಲ್ಲ ಅನ್ಸುತ್ತೆ.

ಕೆಲಸ ಮಾಡ್ವಾಗ ನನ್ನ ಬಾಯಲ್ಲಿ ತಾನಾಗೇ ಬಂದಿದ್ದು ಬೇರೆ ಬೇರೆ ಮಾತು. ಹಬ್ಬಿನ ಬೇರಿಂಗಿನ ತೂತು ದೊಡ್ಡದು, ನನ್ನ ಆಕ್ಸಲ್ ಸಣ್ಣದು, ನಡುವೆ ಬುಷ್ (ಸಂದು ತುಂಬೋ ಬಳೆ) ಮಾಡಿಸಿ ಹಾಕಿದ್ಮೇಲೆ “ಕೂತ್ಕೊಂತು” ಅಂದೆ. ಕೂತ್ಕೊಂಡ ಮಾತ್ರಕ್ಕೆ ಮುಗೀಲಿಲ್ಲ, ಚಕ್ರ ಫೋರ್ಕಿನ ನಟ್ಟನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ವಾಲಿತ್ತು. ಹಳೇ ಹಬ್ಬುಗಳಲ್ಲಿ ಎಷ್ಟೋ ಸಲ ಡ್ರಮ್ ಒಂದೇ ಪಕ್ಕದಲ್ಲಿ ಇರುತ್ತೆ, ರಿಮ್ಮನ್ನ ಹಬ್ಬಿನ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಎಳೆದು ಕಟ್ಟಬೇಕಾಗುತ್ತೆ, ಆಗಷ್ಟೇ ಟೈರ್ ಎರಡೂ ಚಕ್ರಕ್ಕೆ ಒಂದೇ ಸಾಲಲ್ಲಿ ಬರೋದು. ಅದನ್ನ ಅಳತೆ ಮಾಡಿ ಸ್ಪೇಸರ್ ಬದಲಾಯಿಸಿ ಸರಿ ಮಾಡಿದಾಗ “ಹೊಂದ್ಕೊಂತು” ಅಂದೆ. ಅದಾದ ಮೇಲೂ ಬ್ರೇಕ್ ಕೇಬಲ್ ಎಳೆತ ಸಾಲ್ತಿರಲಿಲ್ಲ, ಹ್ಯಾಂಡಲ್ಲಿನ ಲಿವರ್ ಒಂದು ಗಾಡಿದು, ಹಬ್ಬಿನ ಕ್ಯಾಮ್ ತೋಳು ಇನ್ನೊಂದರದು (ಕೇಬಲ್ ಈ ತೋಳನ್ನ ಎಳೆದಾಗ ಕ್ಯಾಮ್ ತಿರುಗಿ ಶೂಗಳನ್ನ ಅಗಲಿಸುತ್ತೆ). ಪೂರ್ತಿ ಒತ್ತಿದಾಗ ಆ ತೋಳು ಕೇಬಲ್ಲಿಗೆ ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿ ನಿಂತ್ರೆ ಬಲ ಚೆನ್ನಾಗಿ ಸಿಗುತ್ತೆ, ಅದನ್ನ ಮೀರಿ ತಿರುಗಿದ್ರೆ ಬಲ ಇಳಿಯುತ್ತೆ. ತೋಳನ್ನ ತೆಗೆದು ಸ್ಪ್ಲೈನಿನ (ತೋಳು ಕೂರೋ ಹಲ್ಲು ಹಲ್ಲಿನ ತುದಿ) ಒಂದು ಹಲ್ಲು ಹಿಂದಕ್ಕೆ ಹಾಕಿ, ಲಿವರ್ ಬದಲಾಯಿಸಿ, ಕೈಗೆ ಸರಿ ಅನ್ನಿಸಿದಾಗ “ಈಗ ಒಗ್ಗಿತು” ಅಂದೆ.

ಕೂರೋದು, ಹೊಂದೋದು, ಒಗ್ಗೋದು. ಕೂತಿದ್ದೆಲ್ಲ ಹೊಂದಲ್ಲ, ಹೊಂದಿದ್ದೆಲ್ಲ ಒಗ್ಗಲ್ಲ. ನೀರು ಒಗ್ಗಲಿಲ್ಲ, ಊರು ಒಗ್ಗಲಿಲ್ಲ ಅಂತೀವಲ್ಲ, ಅಲ್ಲಿರೋ ಹಾಗೆ ಜೊತೆಯಲ್ಲಿ ಬಾಳಿ ನೋಡಿದ ಮೇಲೆ ಗೊತ್ತಾಗೋ ಗುಣ ಒಗ್ಗೋದ್ರಲ್ಲಿದೆ. ಹಾಗಾಗಿ ಇಡೀ ಕೆಲಸಕ್ಕೆ ಹೆಸರಾಗಿ ‘ಒಗ್ಗಿಸು’ ಸರಿ ಅಂತ ನನ್ನ ಅಭಿಪ್ರಾಯ, “ಹಬ್ ಒಗ್ಗಿಸೋದು”. ಒಬ್ಬ ಸ್ನೇಹಿತರು ಅದು ಜೀವ ಇರೋದಕ್ಕೆ ಮಾತ್ರ ಹೇಳೋ ಮಾತು ಅಂತ ಒಪ್ಪಲಿಲ್ಲ. ನಂಗೆ ಹಾಗೆ ಅನ್ನಿಸಲ್ಲ, ಆದ್ರೆ ಕೇಳೋಣ ಅಂತ ಇಲ್ಲಿ ಇಡ್ತಿದೀನಿ.

ರಿಮ್ ವಿಷಯ ಬೇಗ ಹೇಳ್ತೀನಿ. ಟೈರ್ ಮೇಲೆ 3.25-19 ಅಂತಿದ್ರೆ ಅಗಲ 3.25 ಇಂಚು, ರಿಮ್ಮಿನ ವ್ಯಾಸ 19 ಇಂಚು. ರಿಮ್ಮಿನ ಅಗಲಕ್ಕೆ ಹಳೇ ಗುರುತು ಬೇರೆ, ಡಬ್ಲ್ಯುಎಂ 1 ಅಂದ್ರೆ 1.60 ಇಂಚು, ಡಬ್ಲ್ಯುಎಂ 2 ಅಂದ್ರೆ 1.85, ಡಬ್ಲ್ಯುಎಂ 3 ಅಂದ್ರೆ 2.15. 36 ತೂತಿನ ಹಬ್ಬಿಗೆ 40 ತೂತಿನ ರಿಮ್ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ತೂತಿನ ಲೆಕ್ಕ ಒಂದೇ ಇದ್ರೂ ಬರದೇ ಇರಬಹುದು, ಯಾಕಂದ್ರೆ ಪ್ರತಿ ತೂತೂ ಆ ಹಬ್ಬಿನ ಸ್ಪೋಕ್ ಯಾವ ಕಡೆಯಿಂದ ಬರುತ್ತೋ ಆ ಕಡೆಗೆ ಓರೆಯಾಗಿ ಕೊರೆದಿರುತ್ತೆ. ಓರೆ ತಪ್ಪಿದ್ರೆ ನಿಪ್ಪಲ್ (ಸ್ಪೋಕನ್ನ ರಿಮ್ಮಿಗೆ ಬಿಗಿಯೋ ನಟ್) ಹತ್ರ ಸ್ಪೋಕ್ ಬಗ್ಗಿ ಅಲ್ಲೇ ಮುರಿಯುತ್ತೆ. ಈ ‘ಓರೆ’ ಪದ ಎಷ್ಟು ಸರಿಯಾಗಿ ಕೂತಿದೆ ನೋಡಿ.

ಸ್ಪೋಕ್ ಹಾಕೋದಕ್ಕೆ ನಾನು ‘ಹೆಣೆ’ ಅಂತ ಬರೆದಿದೀನಿ, ಒಂದರ ಮೇಲೊಂದು ಒಂದರ ಕೆಳಗೊಂದು ಹಾದು ಹೋಗೋದ್ರಿಂದ. ಇಡೀ ಕೆಲಸಕ್ಕೆ ‘ಚಕ್ರ ಕಟ್ಟೋದು’. ಸೊಟ್ಟ ತೆಗೆಯೋದಕ್ಕೆ ಸೈಕಲ್ ಅಂಗಡಿ ಮಾತೇ ಇದೆ, ‘ಬೆಂಡ್ ತೆಗೆಯೋದು’, ಆದ್ರೆ ಅದು ಎರಡು ಬಗೆಯ ಸೊಟ್ಟಕ್ಕೂ ಒಂದೇ. ರಿಮ್ ಎಡಕ್ಕೂ ಬಲಕ್ಕೂ ಆಡೋದು ಬೇರೆ, ಮೇಲಕ್ಕೂ ಕೆಳಕ್ಕೂ ಆಡೋದು ಬೇರೆ, ತಿದ್ದೋ ಕ್ರಮವೂ ಬೇರೆ. ಮೊದಲನೇದಕ್ಕೆ ‘ಓಲಾಟ’, ಎರಡನೇದಕ್ಕೆ ‘ಎಗರಾಟ’ ಅಂತ ಇಟ್ಕೊಂಡಿದೀನಿ, ಇದಕ್ಕಿಂತ ಒಳ್ಳೇದು ಬಳಕೆಯಲ್ಲಿದ್ರೆ ದಯವಿಟ್ಟು ಹೇಳಿ. ಇನ್ನೊಂದು, ಸ್ಪೋಕ್ ಎಳೆತ ಒಂದೊಂದು ಕಡೆ ಒಂದೊಂಥರ ಆದ್ರೆ ಡ್ರಮ್ಮೇ ಗುಂಡಗಿರೋದು ಬಿಟ್ಟು ಮೊಟ್ಟೆ ಥರ ಆಗಬಹುದು, ಆಗ ಬ್ರೇಕ್ ಒತ್ತಿದಾಗ ಲಿವರ್ ಮಿಡಿಯುತ್ತೆ. ‘ಮಿಡಿ’ ಅಂತಲೇ ಬರೆದಿದೀನಿ, ನಾಡಿ ಮಿಡಿದ ಹಾಗೇ ಕೈಗೆ ಗೊತ್ತಾಗೋದು. ಅದಕ್ಕೇ ಡ್ರಮ್ಮಿನ ಒಳಮೈ ಲೇತಲ್ಲಿ ಹೊಡೆಸೋದಿದ್ರೆ ಚಕ್ರ ಕಟ್ಟಿ ಮುಗಿದ ಮೇಲೆ ಹೊಡೆಸೋದು ವಾಸಿ.

ಕೊನೇ ತೊಡಕು ಶೂಗಳ ಹೆಸರಿನದು. ಇಂಗ್ಲಿಷಲ್ಲಿ ಒಂದು ಲೀಡಿಂಗ್ ಶೂ, ಇನ್ನೊಂದು ಟ್ರೇಲಿಂಗ್ ಶೂ. ಕನ್ನಡದಲ್ಲಿ ‘ಮುಂದಿನ ಶೂ’, ‘ಹಿಂದಿನ ಶೂ’ ಅಂತ ಬರೆದ್ರೆ ಪೂರ್ತಿ ದಾರಿ ತಪ್ಪಿಸುತ್ತೆ, ಶೂ ಎಲ್ಲಿ ಕೂತಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಡ್ರಮ್ ಯಾವ ಕಡೆಗೆ ತಿರುಗುತ್ತೆ ಅನ್ನೋದೇ ಲೆಕ್ಕ. ಶೂನ ಕ್ಯಾಮ್ ಇರೋ ತುದಿಯಿಂದ ಕೀಲಿರೋ ಇನ್ನೊಂದು ತುದಿಯ ಕಡೆಗೆ ಡ್ರಮ್ ತಿರುಗಿದ್ರೆ ತಿರುಗೋ ಡ್ರಮ್ಮೇ ಶೂನ ಇನ್ನೂ ಗಟ್ಟಿಯಾಗಿ ತನ್ನ ಮೈಗೆ ಎಳ್ಕೊಳ್ಳುತ್ತೆ, ನಾವು ಕೊಟ್ಟ ಬಲ ಹೆಚ್ಚಾಗುತ್ತೆ. ಇನ್ನೊಂದು ಶೂನ ಡ್ರಮ್ ತನ್ನಿಂದ ದೂರ ತಳ್ಳುತ್ತೆ. ಎರಡು ಕ್ಯಾಮ್ ಇರೋ ಬ್ರೇಕಲ್ಲಿ ಎರಡೂ ಶೂ ಎಳ್ಕೊಳ್ಳೋ ಥರದವು, ಮುಂದಕ್ಕೆ ಹೋಗ್ವಾಗ ಅದ್ಭುತವಾಗಿ ಹಿಡಿಯುತ್ತೆ, ಆದ್ರೆ ಅಂಥ ಹಬ್ಬನ್ನ ಎಡದ್ದು ಬಲಕ್ಕೆ ತಿರುಗಿಸಿ ಹಾಕಿಬಿಟ್ರೆ ಎರಡೂ ತಳ್ಳಿಸ್ಕೊಳ್ಳೋ ಶೂಗಳಾಗಿ ಬ್ರೇಕಿನ ಶಕ್ತಿ ಬಹಳ ಇಳಿದುಹೋಗುತ್ತೆ. ಬೇರೆ ಗಾಡಿಯ ಹಬ್ ತಂದು ಒಗ್ಗಿಸೋರು ಮಾಡಬಹುದಾದ ದೊಡ್ಡ ತಪ್ಪು ಇದು, ‘ಮುಂದಿನ ಶೂ’ ಅಂತ ಹೆಸರಿಟ್ರೆ ಆ ತಪ್ಪಿಗೆ ನಾವೇ ದಾರಿ ಮಾಡಿ ಕೊಟ್ಟ ಹಾಗೆ. ‘ಎಳ್ಕೊಳ್ಳೋ ಶೂ’, ‘ತಳ್ಳಿಸ್ಕೊಳ್ಳೋ ಶೂ’ ಅಂತ ನಾನು ಇಟ್ಟಿರೋದು ಉದ್ದ ಆಯ್ತು, ಆದ್ರೆ ಓದಿದವನಿಗೆ ಡ್ರಮ್ ತಿರುಗಿಸಿ ನೋಡಬೇಕು ಅಂತ ಹೊಳೆಯುತ್ತೆ. ‘ಎಳೆಶೂ’, ‘ತಳ್ಳುಶೂ’ ಅಂತ ಚಿಕ್ಕದು ಮಾಡಿದ್ರೆ ಯಾರು ಯಾರನ್ನ ಎಳೀತಾರೆ ಅನ್ನೋದೇ ಕಳೆದುಹೋಗುತ್ತೆ.

ಹಾಂ, ಹಳೇ ಶೂ ಬಿಚ್ಚೋರು ಒಂದು ಗಮನದಲ್ಲಿಡಿ, ಆ ಕಾಲದ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಡ್ರಮ್ ಒಳಗಿನ ಧೂಳನ್ನ ಬಾಯಿಂದಾಗಲಿ ಗಾಳಿ ಪೈಪಿಂದಾಗಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ. ಟಿಪ್ಪಣಿಯಲ್ಲಿ “ಧೂಳು ಹೊಡೀರಿ” ಅಂತ ಬರೆದಿದ್ದೆ, ಊದೋದು ಅಂತ ಓದ್ಕೊಂಡಾರು ಅನ್ನಿಸಿ “ಒದ್ದೆ ಬಟ್ಟೆಯಲ್ಲಿ ಒರೆಸಿ” ಅಂತ ತಿದ್ದಿದೆ.

ಗಾಡಿ ಕೆಲಸ ಕೈಯಾರೆ ಮಾಡಿದವರು, ಮಾಡೋರ ಪಕ್ಕ ಕೂತು ಕೇಳಿದವರು ಯಾರಿದ್ರೂ ಹೇಳಿ: ಲಿವರ್ ಬಿಟ್ಟ ಮೇಲೂ ಬಿಡದೇ ಇರೋ ಬ್ರೇಕಿಗೆ ನೀವು ಕಚ್ಕೊಂಡಿದೆ ಅಂತೀರಾ, ಹಿಡ್ಕೊಂಡಿದೆ ಅಂತೀರಾ, ಇಲ್ಲ ಜಾಮ್ ಆಗಿದೆ ಅಂತಲೇ ಮುಗಿಸ್ತೀರಾ? ಮತ್ತೆ ಇನ್ನೊಂದರ ಹಬ್ಬನ್ನ ನಿಮ್ಮ ಗಾಡಿಗೆ ಹಾಕಿದಾಗ ಅದು ಕೂತ್ಕೊಂಡಿದ್ದಾ, ಹೊಂದ್ಕೊಂಡಿದ್ದಾ, ಒಗ್ಗಿದ್ದಾ?