ಮೊದಲ ರೀಫರ್ (ಶೈತ್ಯಯಂತ್ರವಿರುವ) ಕಂಟೇನರ್ ಕಳುಹಿಸುತ್ತಿದ್ದೇನೆ, ಅನುಭವ ಇರುವವರು ದಯವಿಟ್ಟು ಹೇಳಿ

ಕೇಳಿದವರು: ಮುಂದಿನ ತಿಂಗಳು ನಮ್ಮ ಹೆಪ್ಪುಗಟ್ಟಿಸಿದ ತರಕಾರಿ ಹಡಗು ಹತ್ತಬೇಕು. 40 ಅಡಿಯ ಒಂದು ಕಂಟೇನರ್, ಮೈನಸ್ 18 ಡಿಗ್ರಿ, 26 ದಿನಗಳ ಪ್ರಯಾಣ, ನಡುವೆ ಒಂದು ಬಂದರಿನಲ್ಲಿ ಹಡಗು ಬದಲಾಗುತ್ತದೆ. ನಮ್ಮ ಸರಕಿನಿಂದ ಮುಕ್ಕಾಲು ಭಾಗವಷ್ಟೇ ತುಂಬುತ್ತದೆ. ಉಳಿದ ಜಾಗದಲ್ಲಿ ಪರಿಚಯದವರೊಬ್ಬರು ತಮ್ಮ ಚೀಸ್ ಇಡುತ್ತೇವೆ, ಬಾಡಿಗೆ ಹಂಚಿಕೊಳ್ಳೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ? ಲೋಡ್ ಮಾಡುವ ಮೊದಲು ಕಂಟೇನರನ್ನು ತಣಿಸಿಡಬೇಕೇ?

ಸಿಗಡಿ ರಫ್ತುದಾರ: ತಣಿಸುವ ಮಾತು ಆಮೇಲೆ. ಮೊದಲು ಕಾಗದದಲ್ಲಿ ಮೈನಸ್ ಚಿಹ್ನೆ ಇದೆಯೇ ನೋಡಿ. ನಾನು ಕೊಟ್ಟ ಬುಕಿಂಗ್‌ನಲ್ಲಿ ಮೈನಸ್ 18 ಎಂದೇ ಇತ್ತು. ನಡುವಿನ ಏಜೆಂಟ್ ಅದನ್ನು ಇನ್ನೊಂದು ನಮೂನೆಗೆ ಇಳಿಸಿಕೊಳ್ಳುವಾಗ ಆ ಒಂದು ಗೆರೆ ಬಿಟ್ಟುಹೋಯಿತು. ಟರ್ಮಿನಲ್‌ನವರು 18ಕ್ಕೆ ಇಟ್ಟರು. ಹಡಗಿನವರು ತಮ್ಮ ಪಟ್ಟಿ ನೋಡಿದರು, ಅಲ್ಲಿಯೂ 18. ಯಂತ್ರದ ಪರದೆಯಲ್ಲೂ 18. ಎಲ್ಲವೂ ಸರಿಯಾಗಿದೆ ಎಂದು ದಿನವೂ ಬರೆದುಕೊಂಡರು! ರೀಫರ್ ಯಂತ್ರ ತಣಿಸುವುದಷ್ಟೇ ಅಲ್ಲ, ಹೇಳಿದರೆ ಬಿಸಿಯನ್ನೂ ಮಾಡುತ್ತದೆ ಎಂಬುದು ನನಗೆ ಆಗ ತಿಳಿಯಿತು. ಪೆಟ್ಟಿಗೆಯೊಳಗೆ ಇಟ್ಟಿದ್ದ, ಉಷ್ಣಾಂಶ ದಾಖಲಿಸುವ ಡೇಟಾ ಲಾಗರ್ ಪ್ರಕಾರ ಐದನೆಯ ದಿನ ಮೈನಸ್ 4, ಎರಡು ವಾರಕ್ಕೆ ಸೊನ್ನೆಯ ಮೇಲೆ. 20 ಕಿಲೋದ 1,100 ಪೆಟ್ಟಿಗೆಗಳು.

ಸರಕು ಹೋಯಿತು, ಹೋಗಲಿ. ಅದನ್ನು ಸುಡಿಸಲು ಮಾಡಿದ ಖರ್ಚು ಇನ್ನೂ ನಿದ್ದೆಗೆಡಿಸುತ್ತದೆ. ನಾಶಪಡಿಸಲು ಅನುಮತಿ ಸಿಗುವವರೆಗೆ 31 ದಿನ ಕಂಟೇನರ್ ಬಂದರಿನಲ್ಲೇ ನಿಂತಿತು. ಹೆಚ್ಚು ದಿನ ನಿಂತದ್ದಕ್ಕೆ ಕಟ್ಟುವ ಡೆಮರೇಜ್ ಬೇರೆ, ಯಂತ್ರಕ್ಕೆ ವಿದ್ಯುತ್ ಕೊಡುವ ಪ್ಲಗ್ ಬಾಡಿಗೆ ಬೇರೆ. ಕೊಳೆತ ಸರಕಿಗೆ 31 ದಿನ ವಿದ್ಯುತ್ ಬಿಲ್ ಕಟ್ಟಿದ್ದೇನೆ. ಆಮೇಲೆ ಸರ್ವೇಯರ್, ಸುಡುವವರು, ಕೊನೆಗೆ ವಾಸನೆ ಹೋಗುವಂತೆ ಕಂಟೇನರ್ ತೊಳೆಸಿದ ಹಣ. ಎಲ್ಲ ಕೂಡಿದರೆ ಸಮುದ್ರ ಬಾಡಿಗೆಯ ಮೂರು ಪಟ್ಟು ದಾಟಿತು.

ಶಿಪ್ಪಿಂಗ್ ಏಜೆಂಟ್, 14 ವರ್ಷ: ಸರ್, ಎಲ್ಲದಕ್ಕೂ ಏಜೆಂಟ್ ಕಾರಣ ಎನ್ನುವುದನ್ನು ಕೇಳಿ ಸಾಕಾಗಿದೆ. ನನ್ನ ಕೈಯಲ್ಲಿ ಹಾದುಹೋದ ದೂರುಗಳಲ್ಲಿ ಹೆಚ್ಚಿನವು ಕಳುಹಿಸುವವರ ಅಂಗಳದಲ್ಲೇ ಹುಟ್ಟಿದವು. ರೀಫರ್ ಇರುವುದು ಸರಕು ಇದ್ದ ತಂಪನ್ನು ಕಾಯಲು, ಬೆಚ್ಚಗಿನ ಸರಕನ್ನು ಹೆಪ್ಪುಗಟ್ಟಿಸಲು ಅಲ್ಲ. ಮೈನಸ್ 9ರ ಸರಕನ್ನು ತುಂಬಿ, ಬಾಗಿಲು ಹಾಕಿ, ಬಂದರು ಸೇರುವಷ್ಟರಲ್ಲಿ ಮೈನಸ್ 18 ಆಗುತ್ತದೆ ಎಂದು ಕಾಯುವವರು ಈಗಲೂ ಇದ್ದಾರೆ. ತಂಪುಗಾಳಿ ನೆಲದ ಪಟ್ಟಿಗಳ ನಡುವಿನಿಂದ ಬಂದು ಮೇಲಿನಿಂದ ಹಿಂದಿರುಗಬೇಕು. ಅದಕ್ಕೇ ಒಳಗೋಡೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಇನ್ನೂ ಎರಡು ಸಾಲು ಹಿಡಿಯುತ್ತದೆ ಎಂದು ಚಾವಣಿಯವರೆಗೆ ಪೇರಿಸಿದರೆ ಗಾಳಿ ಎಲ್ಲಿ ಓಡಾಡಬೇಕು?

ಮೊದಲೇ ತಣಿಸುವುದೂ ಇದೇ ಜಾತಿಯ ತಪ್ಪು. ಶೈತ್ಯಾಗಾರದ ಬಾಗಿಲಿಗೆ ಕಂಟೇನರ್ ಬಿಗಿಯಾಗಿ ಅಂಟಿಕೊಂಡು ನಿಲ್ಲುವ ವ್ಯವಸ್ಥೆ ಇದ್ದರೆ ಮಾತ್ರ ತಣಿಸಿ. ಬಯಲಿನಲ್ಲಿ ತಣ್ಣಗಿನ ಕಂಟೇನರಿನ ಬಾಗಿಲು ತೆರೆದರೆ ಹೊರಗಿನ ತೇವ ಒಳನುಗ್ಗಿ ಗೋಡೆಯ ಮೇಲೆ ನೀರಾಗುತ್ತದೆ, ಯಂತ್ರದ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಲೋಡ್ ಮಾಡುವಾಗ ಯಂತ್ರ ನಿಲ್ಲಿಸಿರಬೇಕು.

ಸಿಗಡಿ ರಫ್ತುದಾರ: ನನ್ನ ಸರಕು ಮೈನಸ್ 9 ಇತ್ತು ಎಂದು ನಿಮಗೆ ಹೇಳಿದವರು ಯಾರು? ಸಿಗಡಿಯ ನಡುವಿಗೆ ಥರ್ಮಾಮೀಟರ್ ಚುಚ್ಚಿ ತೆಗೆದ ಫೋಟೊಗಳಿವೆ. ಮೈನಸ್ 20.

ಶಿಪ್ಪಿಂಗ್ ಏಜೆಂಟ್, 14 ವರ್ಷ: ನಾನು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಹಡಗಿನ ಕಂಪನಿ ಕೊಡುವ ಸರಕಿನ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನ ಕರಡು ನಿಮಗೂ ಬಂದಿರುತ್ತದೆ. ಅದನ್ನು ಓದಿ ಒಪ್ಪಿದವರು ಯಾರು?

ಬಾಳೆಹಣ್ಣಿನ ವ್ಯಾಪಾರಿ: ನೀವೆಲ್ಲ ಸತ್ತ ಸರಕಿನ ಮಾತಾಡುತ್ತಿದ್ದೀರಿ. ಹಣ್ಣು ಜೀವಂತ, ಉಸಿರಾಡುತ್ತದೆ, ತಾನೇ ಶಾಖ ಹೊರಡಿಸುತ್ತದೆ. ಬಾಳೆಗೆ 13ರಿಂದ 14 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಸಿಪ್ಪೆ ಬೂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗಿ ಹಣ್ಣಾಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಚೀನಾದ ಬಂದರುಗಳಲ್ಲಿ ರೀಫರ್‌ಗಳಿಗೆ ಪ್ಲಗ್ ಸಿಗದೆ ಹಡಗಿನವರು ಬೇರೆಡೆ ಇಳಿಸತೊಡಗಿದಾಗ ನನ್ನ ಎರಡು ಕಂಟೇನರ್‌ಗಳು ಅದರಲ್ಲಿ ಸಿಕ್ಕಿಕೊಂಡವು. ಒಂದರಲ್ಲಿ ಆಮ್ಲಜನಕ ತಗ್ಗಿಸುವ ನಿಯಂತ್ರಿತ ವಾತಾವರಣಕ್ಕೆ ಹೆಚ್ಚಿನ ಹಣ ಕೊಟ್ಟಿದ್ದೆ, ಇನ್ನೊಂದರಲ್ಲಿ ಉಳಿಸಲು ಹೋಗಿ ಕೊಡಲಿಲ್ಲ. ಮೊದಲನೆಯದು ಹಸಿರಾಗಿಯೇ ತಲುಪಿತು. ಎರಡನೆಯದನ್ನು ದನಗಳಿಗೂ ಹಾಕುವಂತಿರಲಿಲ್ಲ. ಅಂದಿನಿಂದ ಆ ಸೌಲಭ್ಯವಿಲ್ಲದೆ ಒಂದು ಗೊನೆಯನ್ನೂ ನಾನು ಹಡಗು ಹತ್ತಿಸಿಲ್ಲ. ಯಾರು ಏನೇ ಹೇಳಲಿ, ಆ ಖರ್ಚು ಸಾರ್ಥಕ.

ಟ್ಯೂನಾ ಕಳುಹಿಸುತ್ತಿದ್ದವಳು: ನನ್ನದು ವಿಮೆಯ ಕಥೆ. ಹೆಪ್ಪುಗಟ್ಟಿಸಿದ ಆಹಾರಕ್ಕೆಂದೇ ಬಳಸುವ ಷರತ್ತುಗಳಲ್ಲಿ, ಶೈತ್ಯಯಂತ್ರ ಕೆಟ್ಟು ಸತತ 24 ಗಂಟೆಗಿಂತ ಕಡಿಮೆಯಿಲ್ಲದಂತೆ ನಿಂತಿದ್ದರೆ ಮಾತ್ರ ಪರಿಹಾರ ಎಂದಿರುತ್ತದೆ. ನನ್ನ ಕಂಟೇನರಿನ ಯಂತ್ರ ಒಮ್ಮೆ 19 ಗಂಟೆ ನಿಂತಿತು, ಎರಡು ಗಂಟೆ ಓಡಿತು, ಮತ್ತೆ 22 ಗಂಟೆ ನಿಂತಿತು. ಒಟ್ಟು 41. ಸತತವಾಗಿ 24 ಆಗಲಿಲ್ಲವಾದ್ದರಿಂದ ಅರ್ಜಿ ತಿರಸ್ಕೃತ! ಆ ಎರಡು ಗಂಟೆ ಅದು ಓಡದೇ ಇದ್ದಿದ್ದರೆ ನನಗೆ ಪೂರ್ತಿ ಹಣ ಸಿಗುತ್ತಿತ್ತು. ಯಂತ್ರವನ್ನು ಸರಿಪಡಿಸಲು ಓಡಿಬಂದ ಆ ಹಡಗಿನ ಎಲೆಕ್ಟ್ರಿಷಿಯನ್ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಹಡಗಿನ ಕಂಪನಿಯನ್ನು ಕೇಳೋಣವೆಂದರೆ, ಹೊರಗೆ ಕಾಣದ ಹಾನಿಯನ್ನು ಸರಕು ಪಡೆದ ಮೂರು ದಿನಗಳಲ್ಲಿ ಬರಹದಲ್ಲಿ ತಿಳಿಸಬೇಕಿತ್ತು. ನಮ್ಮ ಖರೀದಿದಾರರು ತಿಳಿಸಿದ್ದು ಒಂಬತ್ತನೆಯ ದಿನ. ದಾವೆ ಹೂಡಲು ಒಂದು ವರ್ಷವಿತ್ತು. ಪತ್ರ ಬರೆಯುವುದರಲ್ಲೇ ಅದೂ ಕಳೆಯಿತು. ಏಜೆಂಟ್ ಸರ್, ನಮ್ಮ ಅಂಗಳದ ತಪ್ಪುಗಳನ್ನು ಅಷ್ಟು ವಿವರವಾಗಿ ಹೇಳುತ್ತೀರಿ. ವಿಮೆಯ ಆ 24 ಗಂಟೆಯ ಷರತ್ತನ್ನು ನಿಮ್ಮಂಥವರು ಒಬ್ಬರಾದರೂ ಮೊದಲೇ ಹೇಳಿದ್ದುಂಟೇ?

ಐಸ್‌ಕ್ರೀಮ್ ಘಟಕದವರು: ಮೈನಸ್ 18ಕ್ಕೆ ಇಷ್ಟು ಹೊಡೆದಾಡುವುದೇ ಅನಗತ್ಯ. ಅದು ಸೊನ್ನೆ ಫ್ಯಾರನ್‌ಹೀಟ್‌ಗೆ ಸಮವಾದ ಅಂಕಿ, ದುಂಡಾಗಿದೆ ಎಂಬುದೇ ಅದರ ಹೆಚ್ಚುಗಾರಿಕೆ. ಮೈನಸ್ 15 ಸಾಕು, ವಿದ್ಯುತ್ ಉಳಿಯುತ್ತದೆ ಎಂದು 2023ರ ಕೊನೆಯಿಂದ ದೊಡ್ಡ ಸಾಗಣೆ ಕಂಪನಿಗಳೇ ಒಟ್ಟಾಗಿ ಹೇಳುತ್ತಿವೆ.

ಸಿಗಡಿ ರಫ್ತುದಾರ: ಹಾಗಾದರೆ ನಿಮ್ಮ ಐಸ್‌ಕ್ರೀಮನ್ನು ಮೈನಸ್ 15ರಲ್ಲಿ ಕಳುಹಿಸುತ್ತೀರಾ? ನೀವು ಕೇಳುವುದು ಮೈನಸ್ 25, ಉಪದೇಶ ಮಾತ್ರ ನಮಗೆ. ಯುರೋಪಿನ 89/108 ಸಂಖ್ಯೆಯ ನಿರ್ದೇಶನ ಮೈನಸ್ 18 ಎನ್ನುತ್ತದೆ. ಸಾಗಣೆಯಲ್ಲಿ ಸ್ವಲ್ಪ ಹೊತ್ತು 3 ಡಿಗ್ರಿ ಏರಿದರೆ ಕ್ಷಮೆ ಇದೆ, ಅಷ್ಟೇ. ಮೈನಸ್ 15ರಲ್ಲೇ ಹೊರಟರೆ ಏರಲು ಎಷ್ಟು ಉಳಿಯಿತು? ತಪಾಸಣೆಯಲ್ಲಿ ಸರಕು ವಾಪಸಾದಾಗ ಆ ದೊಡ್ಡ ಕಂಪನಿಗಳು ಹಣ ಕೊಡುತ್ತವೆಯೇ?

ಐಸ್‌ಕ್ರೀಮ್ ಘಟಕದವರು: ಐಸ್‌ಕ್ರೀಮ್ ಬೇರೆ, ಹರಳು ದಪ್ಪವಾದರೆ ನಾಲಿಗೆಗೆ ಗೊತ್ತಾಗುತ್ತದೆ. ಬಟಾಣಿಗೆ ಹಾಗಿಲ್ಲ. ನಿಯಮ ಬದಲಾಗಬೇಕು ಎಂದೇ ನಾನು ಹೇಳುತ್ತಿರುವುದು.

ಬಾಳೆಹಣ್ಣಿನ ವ್ಯಾಪಾರಿ: ಸೊನ್ನೆಗಿಂತ ಕೆಳಗಿನವರಿಗೆ ಮೂರು ಡಿಗ್ರಿಯ ಕ್ಷಮೆಯಾದರೂ ಇದೆ. ನನಗೆ ಒಂದು ಡಿಗ್ರಿಯೂ ಇಲ್ಲ.

ಕೇಳಿದವರು: ಎಲ್ಲರಿಗೂ ಧನ್ಯವಾದ, ಬಹಳ ತಿಳಿಯಿತು. ಆದರೆ ಚೀಸ್ ವಿಷಯ ಯಾರೂ ಹೇಳಲಿಲ್ಲ.

ಶಿಪ್ಪಿಂಗ್ ಏಜೆಂಟ್, 14 ವರ್ಷ: ಬೇಡ. ಒಂದು ಕಂಟೇನರಿಗೆ ಒಂದೇ ಉಷ್ಣಾಂಶ. 4 ಡಿಗ್ರಿಗೆ ಇಟ್ಟರೆ ನಿಮ್ಮ ತರಕಾರಿ ನೀರಾಗುತ್ತದೆ, ಮೈನಸ್ 18ಕ್ಕೆ ಇಟ್ಟರೆ ಅವರ ಚೀಸ್ ಪುಡಿಪುಡಿಯಾಗುತ್ತದೆ. ಖಾಲಿ ಉಳಿಯುವ ನೆಲವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಇಲ್ಲದಿದ್ದರೆ ತಂಪುಗಾಳಿ ಸರಕಿನ ತುದಿ ಮುಟ್ಟುವ ಮೊದಲೇ ಅಲ್ಲಿಂದ ಮೇಲೆದ್ದು ಹೋಗುತ್ತದೆ. ತಾಜಾ ಗಾಳಿಯ ಕಿಂಡಿ ಮುಚ್ಚಿರಲಿ. ಮರದ ಪ್ಯಾಲೆಟ್‌ಗಳಿಗೆ ಶಾಖೋಪಚಾರದ ಮುದ್ರೆ ಇದೆಯೇ ನೋಡಿ. ಟ್ಯೂನಾ ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ: ನಾನು ಹೇಳುತ್ತೇನೆ. ಪ್ರತಿ ಬಾರಿಯೂ, ಬರಹದಲ್ಲಿ.

ಸಿಗಡಿ ರಫ್ತುದಾರ: ಕಂಟೇನರ್ ಗೇಟು ದಾಟುವಾಗ ಯಂತ್ರದ ಪರದೆಯ ಫೋಟೊ ತೆಗೆಯಿರಿ. ಮೈನಸ್ ಕಾಣುವಂತೆ.

ಕೇಳಿದವರು: ಚೀಸ್ ಆಗುವುದಿಲ್ಲ ಎಂದು ಹೇಳಿದೆ. ಅವರಿಗೆ ಬೇಸರವಾಗಿದೆ, ಫೋನ್ ಎತ್ತುತ್ತಿಲ್ಲ.

ಟ್ಯೂನಾ ಕಳುಹಿಸುತ್ತಿದ್ದವಳು: ಅದು ಇರಲಿ. ವಿಮೆಯ ಕಾಗದ ಓದಿದಿರಾ?